ಕೊಡೆ ಹಿಡಿದು ಹಾರಲು ಹೊರಟ ಹುಡುಗ

ಬೇಸಿಗೆ ರಜೆಯ ಒಂದು ಸಂಜೆ. ಅಸರ್ ನಮಾಝ್ ಮುಗಿಸಿ, ಒಣಗಿದ ಬಟ್ಟೆ ತೆಗೆಯಲೆಂದು ತಾರಸಿಗೆ ಹೋದೆ. ಅಲ್ಲಿ ಕಂಡ ದೃಶ್ಯಕ್ಕೆ ಎದೆ ಧಸಕ್ಕೆಂದಿತು. ರಜೆಗೆಂದು ಬಂದಿದ್ದ ತಂಗಿಯ ಮಗ, ಹತ್ತು ವರ್ಷದ ಹುಡುಗ, ತಾರಸಿಯ ಗಿಡ್ಡ ಗೋಡೆಯ ಮೇಲೆ ಹತ್ತಿ ನಿಂತಿದ್ದಾನೆ. ಕೈಯಲ್ಲಿ ಬಿಚ್ಚಿದ ಕೊಡೆ. ಕೆಳಗೆ ಅಂಗಳದಲ್ಲಿ ನೆರೆಮನೆಯ ಇಬ್ಬರು ಮಕ್ಕಳು ತಲೆಯೆತ್ತಿ ಕಾಯುತ್ತಿದ್ದಾರೆ.

ಕೂಗಿದರೆ ಬೆಚ್ಚಿ ಬಿದ್ದಾನೆಂಬ ಭಯ. ಸದ್ದಿಲ್ಲದೆ ಹಿಂದಿನಿಂದ ಹೋಗಿ ಸೊಂಟ ಹಿಡಿದು ಇಳಿಸಿಕೊಂಡೆ. ನನ್ನ ಕೈ ನಡುಗುತ್ತಿತ್ತು. ಅವನಿಗೆ ಮಾತ್ರ ನಾನು ಆಟ ಕೆಡಿಸಿದೆನೆಂಬ ಬೇಸರ.

"ಖಾಲಾ, ನಾನು ಬೀಳ್ತಿರಲಿಲ್ಲ. ಕೊಡೆ ಗಾಳಿ ಹಿಡ್ಕೊಳ್ಳುತ್ತೆ. ಟಿ.ವಿ.ಯಲ್ಲಿ ಸೈನಿಕರು ಹಾಗೇ ಇಳೀತಾರಲ್ವಾ?"

ಕೆಳಗೆ ಬಂದಾಗ ವಿಷಯ ತಿಳಿದ ತಂಗಿಯ ಕೈ ಮೇಲೆದ್ದಿತು. ತಡೆದೆ. ಎರಡೇಟು ಹಾಕಿದ್ದರೆ ಆ ದಿನಕ್ಕೆ ಅವನು ಸುಮ್ಮನಾಗುತ್ತಿದ್ದ. ಆದರೆ ಕೊಡೆ ಹಿಡಿದು ಇಳಿಯಬಹುದು ಎಂಬ ಅವನ ನಂಬಿಕೆ ಹಾಗೇ ಉಳಿಯುತ್ತಿತ್ತು. ನಾವು ಯಾರೂ ಮನೆಯಲ್ಲಿಲ್ಲದ ಇನ್ನೊಂದು ದಿನ ಅದನ್ನು ಪರೀಕ್ಷಿಸಲು ಅವನು ಮತ್ತೆ ತಾರಸಿ ಹತ್ತುತ್ತಿದ್ದ. ಹೆದರಿಕೆಯಿಂದ ಮುಚ್ಚಿದ ಬಾಯಿಯೊಳಗೆ ಪ್ರಶ್ನೆ ಬದುಕಿಯೇ ಇರುತ್ತದೆ.

"ನೀನು ಹೇಳೋದು ಸರಿಯೋ ತಪ್ಪೋ ಪರೀಕ್ಷೆ ಮಾಡೋಣ. ಆದರೆ ನಿನ್ನನ್ನು ಬೀಳಿಸಿ ಅಲ್ಲ, ಮಣ್ಣಿನ ಉಂಡೆಯನ್ನು ಬೀಳಿಸಿ," ಎಂದೆ. ಅವನ ಮುಖ ಅರಳಿತು.

ನಾನು ಮದ್ರಸದಲ್ಲಿ ಕಲಿತವಳು. ಆಮೇಲೆ ಬಿ.ಎ. ಮುಗಿಸಿದೆ. ವಿಜ್ಞಾನವನ್ನು ಎಸ್ಸೆಸ್ಸೆಲ್ಸಿಯ ಆಚೆಗೆ ಓದಿಲ್ಲ. ತಂಗಿ ಓದಿದ್ದು ಏಳನೇ ತರಗತಿ. ನಾವಿಬ್ಬರೂ ಸೇರಿ ಆ ಹುಡುಗನಿಗೆ ಮೂರು ದಿನ ಮಾಡಿಸಿದ ಚಟುವಟಿಕೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಇದಕ್ಕೆ ಖರ್ಚಿಲ್ಲ, ಪ್ರಯೋಗಾಲಯವೂ ಬೇಡ. ನೀವೂ ಮನೆಯಲ್ಲಿ ಮಾಡಿಸಬಹುದು.

ಮೊದಲ ದಿನ: ಒಂದು ಹಾಳೆ ಕಾಗದ

ನೋಟ್‌ಬುಕ್ಕಿನಿಂದ ಒಂದೇ ಅಳತೆಯ ಎರಡು ಹಾಳೆ ಹರಿದೆ. ಒಂದನ್ನು ಹಾಗೇ ಇಟ್ಟು, ಇನ್ನೊಂದನ್ನು ಬಿಗಿಯಾಗಿ ಮುದ್ದೆ ಮಾಡಿದೆ. "ಯಾವುದು ಹೆಚ್ಚು ಭಾರ?" ಎಂದು ಕೇಳಿದೆ. "ಮುದ್ದೆ," ಎಂದ ಥಟ್ಟನೆ. ಸ್ವಲ್ಪ ಯೋಚಿಸಿ, "ಅಲ್ಲ, ಎರಡೂ ಒಂದೇ," ಎಂದು ತಾನೇ ತಿದ್ದಿಕೊಂಡ.

ಕುರ್ಚಿಯ ಪಕ್ಕದಲ್ಲಿ ನಿಂತು ಎರಡನ್ನೂ ಒಂದೇ ಎತ್ತರದಿಂದ ಒಟ್ಟಿಗೆ ಬಿಡಿಸಿದೆ. ಮುದ್ದೆ ನೇರವಾಗಿ ನೆಲಕ್ಕೆ ಬಿತ್ತು. ಹಾಳೆ ಅತ್ತಿತ್ತ ತೂಗಾಡುತ್ತ ನಿಧಾನವಾಗಿ ಇಳಿಯಿತು. ತೂಕ ಒಂದೇ, ಕಾಗದ ಒಂದೇ. ಬದಲಾದದ್ದು ಆಕಾರ ಮಾತ್ರ. ಹಾಗಾದರೆ ಹಾಳೆಯನ್ನು ತಡೆದದ್ದು ಯಾರು?

ಇನ್ನೊಂದು ಪರೀಕ್ಷೆ ಮಾಡಿದೆವು. ಒಂದು ದಪ್ಪ ಪುಸ್ತಕದ ಮೇಲೆ, ಅದಕ್ಕಿಂತ ಚಿಕ್ಕದಾಗಿ ಕತ್ತರಿಸಿದ ಕಾಗದವನ್ನು ಇಟ್ಟು, ಪುಸ್ತಕವನ್ನು ಅಡ್ಡಡ್ಡವಾಗಿ ಹಿಡಿದು ಹಾಸಿಗೆಯ ಮೇಲೆ ಬೀಳಿಸಿದೆವು. ಕಾಗದ ಹಿಂದೆ ಉಳಿಯಲಿಲ್ಲ. ಪುಸ್ತಕದ ಬೆನ್ನಿಗೆ ಅಂಟಿದಂತೆ ಅದರ ಜೊತೆಗೇ ಬಿತ್ತು. ಕಾಗದದ ದಾರಿಯಲ್ಲಿದ್ದ ಗಾಳಿಯನ್ನು ಪುಸ್ತಕವೇ ಸರಿಸಿಕೊಟ್ಟಿತ್ತು. ತಡೆಯುವವರು ಇಲ್ಲವಾದಾಗ ಕಾಗದವೂ ಪುಸ್ತಕದಷ್ಟೇ ಬೇಗ ಬೀಳುತ್ತದೆ. ಈ ತಡೆಗೆ ಶಾಲೆಯ ಪುಸ್ತಕದಲ್ಲಿ ವಾಯುರೋಧ ಎಂದು ಹೆಸರು.

"ಗಾಳಿಗೆ ತೂಕವೇ ಇಲ್ಲವಲ್ಲ, ಅದು ಹೇಗೆ ತಡೀತದೆ?" ಎಂದು ತಂಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಗಾಳಿಗೆ ತೂಕವಿದೆ. ಒಂದು ಘನ ಮೀಟರ್ ಗಾಳಿ, ಅಂದರೆ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಪೆಟ್ಟಿಗೆಯಲ್ಲಿ ಹಿಡಿಸುವಷ್ಟು ಗಾಳಿ, ಸುಮಾರು 1.2 ಕಿಲೋ ತೂಗುತ್ತದೆ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆಯಲ್ಲಿರುವ ಗಾಳಿಯ ತೂಕ 30 ಕಿಲೋಗೂ ಹೆಚ್ಚು. ಹುಡುಗನ ತೂಕ 26 ಕಿಲೋ. ತಾನು ಮಲಗುವ ಕೋಣೆಯ ಗಾಳಿ ತನಗಿಂತ ಭಾರ ಎಂದು ಕೇಳಿ ಅವನು ಕೋಣೆಯನ್ನೊಮ್ಮೆ ಸುತ್ತಲೂ ನೋಡಿದ.

ಬೀಳುವ ವಸ್ತು ಈ ಗಾಳಿಯನ್ನು ಪಕ್ಕಕ್ಕೆ ತಳ್ಳಿಕೊಂಡೇ ಕೆಳಗೆ ಬರಬೇಕು. ಹರವಾದ ಹಾಳೆ ಹೆಚ್ಚು ಗಾಳಿಯನ್ನು ತಳ್ಳಬೇಕು, ಮುದ್ದೆ ಕಡಿಮೆ ಗಾಳಿಯನ್ನು ತಳ್ಳಿದರೆ ಸಾಕು. ಮಳೆಹನಿಯ ಕಥೆಯೂ ಇದೇ. ಒಂದು ಕಿಲೋಮೀಟರ್ ಎತ್ತರದ ಮೋಡದಿಂದ ಬೀಳುವ ಹನಿಗೆ ಗಾಳಿಯ ತಡೆ ಇಲ್ಲದಿದ್ದರೆ ಅದು ಗಂಟೆಗೆ 500 ಕಿಲೋಮೀಟರ್ ವೇಗದಲ್ಲಿ ನಮ್ಮ ತಲೆಗೆ ಬಡಿಯುತ್ತಿತ್ತು. ಗಾಳಿ ಇರುವುದರಿಂದ ದಪ್ಪ ಹನಿಯೂ ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಬೀಳುತ್ತದೆ. "ಅಲ್‌ಹಮ್ದುಲಿಲ್ಲಾಹ್," ಎಂದಳು ತಂಗಿ.

ಎರಡನೇ ದಿನ: ಉಂಡೆಗೊಂದು ಪ್ಯಾರಾಚೂಟ್

ಬೇಕಾದದ್ದು ಇಷ್ಟು: ಹೊಸ ಸೀರೆ ಅಥವಾ ಶರ್ಟ್ ಕೊಂಡಾಗ ಬರುವ ತೆಳು ಪ್ಲಾಸ್ಟಿಕ್ ಕವರ್, ಹೊಲಿಗೆಯ ದಾರ, ಅಂಟಿಸುವ ಟೇಪು, ಕತ್ತರಿ, ಸ್ಕೇಲು, ಒಂದಿಷ್ಟು ಜೇಡಿಮಣ್ಣು ಮತ್ತು ಸಮಯ ನೋಡಲು ಮೊಬೈಲ್ ಫೋನು.

ಕವರನ್ನು ಬಿಡಿಸಿ, ಪ್ರತಿ ಬದಿ 36 ಸೆಂಟಿಮೀಟರ್ ಇರುವ ಒಂದು ಚೌಕ ಕತ್ತರಿಸಿ. ಕವರ್ ಸಿಗದಿದ್ದರೆ ಹರಿದ ಕೊಡೆಯ ಬಟ್ಟೆಯೂ ಆಗುತ್ತದೆ. ದುಪಟ್ಟಾದಂಥ ಸಡಿಲ ನೇಯ್ಗೆಯ ಬಟ್ಟೆಯಲ್ಲಿ ಗಾಳಿ ತೂರಿಹೋಗುವುದರಿಂದ ಅದು ಅಷ್ಟು ಚೆನ್ನಾಗಿ ನಿಲ್ಲುವುದಿಲ್ಲ. ದಾರವನ್ನು 40 ಸೆಂಟಿಮೀಟರ್ ಉದ್ದದ ನಾಲ್ಕು ತುಂಡು ಮಾಡಿ, ಚೌಕದ ನಾಲ್ಕು ಮೂಲೆಗೆ ಟೇಪಿನಿಂದ ಅಂಟಿಸಿ. ನಾಲ್ಕೂ ದಾರದ ಉದ್ದ ಸಮನಾಗಿರಲಿ. ಒಂದು ಗಿಡ್ಡವಾದರೂ ಪ್ಯಾರಾಚೂಟ್ ಒಂದು ಕಡೆಗೆ ವಾಲುತ್ತದೆ.

ಜೇಡಿಮಣ್ಣಿನಿಂದ ನೆಲ್ಲಿಕಾಯಿಯಷ್ಟು ದೊಡ್ಡ ಉಂಡೆ ಮಾಡಿ ಒಣಗಿಸಿ, ಚಿಂದಿ ಬಟ್ಟೆಯಲ್ಲಿ ಕಟ್ಟಿ, ದಾರಗಳ ತುದಿಗೆ ಗಂಟು ಹಾಕಿ. ನಮ್ಮ ಹುಡುಗ ಆ ಉಂಡೆಯನ್ನು ಕಿರಾಣಿ ಅಂಗಡಿಗೆ ಒಯ್ದು ತಕ್ಕಡಿಯಲ್ಲಿ ತೂಗಿಸಿಕೊಂಡು ಬಂದ. ಮೊದಲು 23 ಗ್ರಾಂ ಇತ್ತು. ಕೆರೆದು ಕೆರೆದು 20 ಗ್ರಾಂಗೆ ತಂದ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮೇಲಿನಿಂದ ಬಿಡುವವರು ದೊಡ್ಡವರೇ ಆಗಿರಬೇಕು. ಮಕ್ಕಳು ಕೆಳಗೆ, ಸ್ವಲ್ಪ ದೂರದಲ್ಲಿ ನಿಂತು ಸಮಯ ಅಳೆಯಬೇಕು. ಪುಟ್ಟ ಮಕ್ಕಳಿರುವ ಮನೆಯಲ್ಲಿ ಪ್ಲಾಸ್ಟಿಕ್ ಕವರನ್ನು ಎಲ್ಲೆಂದರಲ್ಲಿ ಬಿಡಬೇಡಿ. ಅವರು ಅದನ್ನು ಮುಖಕ್ಕೆ ಹಾಕಿಕೊಂಡರೆ ಉಸಿರುಗಟ್ಟುತ್ತದೆ. ಆಟ ಮುಗಿದ ಮೇಲೆ ಕವರು, ದಾರ ಎರಡನ್ನೂ ಎತ್ತಿಡಿ.

ಗಾಳಿ ಬೀಸದ ಬೆಳಗಿನ ಹೊತ್ತು. ನಾನು ತಾರಸಿಯಲ್ಲಿ, ತಾಯಿ ಮಗ ಅಂಗಳದಲ್ಲಿ. ನಮ್ಮ ತಾರಸಿ ನೆಲದಿಂದ ಮೂರೂವರೆ ಮೀಟರ್ ಎತ್ತರದಲ್ಲಿದೆ. ಮೊದಲು ಬರೀ ಉಂಡೆ ಬಿಟ್ಟೆ. ಒಂದು ಸೆಕೆಂಡೂ ಆಗುವ ಮೊದಲೇ ನೆಲದಲ್ಲಿತ್ತು. ಆಮೇಲೆ ಪ್ಯಾರಾಚೂಟ್ ಕಟ್ಟಿದ ಅದೇ ಉಂಡೆ. ಪ್ಲಾಸ್ಟಿಕ್ ಒಮ್ಮೆ ಪಟಪಟನೆ ಬಡಿದು, ಬೋಗುಣಿಯಂತೆ ಉಬ್ಬಿ, ಮೆಲ್ಲನೆ ಇಳಿಯಿತು. ಎರಡು ಸೆಕೆಂಡಿಗಿಂತ ತುಸು ಹೆಚ್ಚು. ಕೆಳಗಿನಿಂದ ಕೇಳಿಬಂದ ಚಪ್ಪಾಳೆಯಲ್ಲಿ ತಂಗಿಯದೂ ಇತ್ತು.

ಒಂದೇ ಸಲ ಅಳೆದು ನಂಬಬೇಡಿ. ಗುಂಡಿ ಒತ್ತುವ ಬೆರಳು ಒಮ್ಮೆ ಬೇಗ, ಒಮ್ಮೆ ತಡ ಆಗುತ್ತದೆ. ಮೂರು ಸಲ ಬಿಟ್ಟು, ನಡುವಿನ ಅಂಕಿಯನ್ನು ಬರೆದುಕೊಳ್ಳಲಿ. ಬಿಡುವ ಮೊದಲು ಮಗು ತನ್ನ ಊಹೆಯನ್ನೂ ಬರೆಯಲಿ. ಊಹೆ ತಪ್ಪಾದಾಗಲೇ ಕಲಿಕೆ ಶುರುವಾಗುವುದು.

ನಮ್ಮ ಹುಡುಗನ ಊಹೆ ತಪ್ಪಿದ್ದು ಇಲ್ಲಿ. ಪ್ರತಿ ಬದಿ 18 ಸೆಂಟಿಮೀಟರ್ ಇರುವ ಇನ್ನೊಂದು ಚೌಕ ಮಾಡಿಸಿದೆ. "ಇದು ಎಷ್ಟು ಚಿಕ್ಕದು?" ಎಂದು ಕೇಳಿದೆ. "ಅರ್ಧ," ಎಂದ. ದೊಡ್ಡದರ ಮೇಲೆ ಚಿಕ್ಕದನ್ನು ಹಾಸಿ ನೋಡು ಎಂದೆ. ನಾಲ್ಕು ಸಲ ಹಾಸಬೇಕಾಯಿತು. ಬದಿ ಅರ್ಧವಾದರೆ ಹರವು ಕಾಲು ಭಾಗವಾಗುತ್ತದೆ. ಹೊಲಿಗೆ ಗೊತ್ತಿದ್ದ ತಂಗಿ ಇದನ್ನು ಅವನಿಗಿಂತ ಮೊದಲೇ ಹೇಳಿದಳು. ಅದೇ ಉಂಡೆಯನ್ನು ಇದಕ್ಕೆ ಕಟ್ಟಿ ಬಿಟ್ಟಾಗ ಒಂದೂಕಾಲು ಸೆಕೆಂಡಿನಲ್ಲಿ ನೆಲ ಮುಟ್ಟಿತು.

ಪ್ಯಾರಾಚೂಟ್ ಹೇಗೆ ಕೆಲಸ ಮಾಡುತ್ತದೆ ಎನ್ನಲು ಹಗ್ಗಜಗ್ಗಾಟವನ್ನು ನೆನೆಯಿರಿ. ಉಂಡೆಯ ತೂಕ ಕೆಳಗೆ ಎಳೆಯುತ್ತದೆ, ಗಾಳಿಯ ತಡೆ ಮೇಲಕ್ಕೆ ತಳ್ಳುತ್ತದೆ. ವೇಗ ಹೆಚ್ಚಿದಂತೆ ಗಾಳಿಯ ತಡೆಯೂ ಹೆಚ್ಚುತ್ತದೆ. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಎರಡೂ ಬಲ ಸಮನಾದ ಮೇಲೆ ವೇಗ ಇನ್ನು ಏರುವುದಿಲ್ಲ. ಉಂಡೆ ಅದೇ ವೇಗದಲ್ಲಿ ಇಳಿಯುತ್ತದೆ. ಹರವು ದೊಡ್ಡದಿದ್ದಷ್ಟೂ ಈ ಸಮಬಲ ಕಡಿಮೆ ವೇಗದಲ್ಲೇ ಸಿಗುತ್ತದೆ.

ಕೊನೆಗೆ ದೊಡ್ಡ ಚೌಕದ ನಟ್ಟನಡುವೆ ಎರಡು ಸೆಂಟಿಮೀಟರ್ ಅಗಲದ ತೂತು ಮಾಡಿದೆವು. ತೂತು ಮಾಡಿದರೆ ಕೆಡುತ್ತದೆ ಎಂದು ಹುಡುಗ ಒಪ್ಪಲಿಲ್ಲ. ಆದರೆ ತೂತಿದ್ದಾಗಲೇ ಪ್ಯಾರಾಚೂಟ್ ಕಡಿಮೆ ತೂಗಾಡಿತು. ಒಳಗೆ ಸೇರಿದ ಗಾಳಿ ಅಂಚಿನಿಂದ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಚೆಲ್ಲುವ ಬದಲು ನಡುವಿನಿಂದ ಸ್ವಲ್ಪ ಸ್ವಲ್ಪವೇ ಹೊರಹೋಗುತ್ತದೆ. 1797ರ ಅಕ್ಟೋಬರ್ 22ರಂದು ಪ್ಯಾರಿಸಿನಲ್ಲಿ ಬಲೂನಿನಿಂದ ಪ್ಯಾರಾಚೂಟಿನಲ್ಲಿ ಇಳಿದ ಆಂದ್ರೆ ಜಾಕ್ ಗಾರ್ನೆರಿನ್‌ಗೆ ಈ ತೂತಿನ ಗುಟ್ಟು ಗೊತ್ತಿರಲಿಲ್ಲ. ಅವನು ಕುಳಿತಿದ್ದ ಬುಟ್ಟಿ ದಾರಿಯುದ್ದಕ್ಕೂ ಜೋರಾಗಿ ತೂಗಾಡಿತು. ಪ್ಯಾರಾಚೂಟಿನ ನೆತ್ತಿಗೆ ತೂತು ಬಂದದ್ದು ಆಮೇಲೆ. ಅವನ ಶಿಷ್ಯೆಯಾಗಿದ್ದು ಮುಂದೆ ಅವನ ಪತ್ನಿಯಾದ ಜೀನ್ ಲಾಬ್ರೋಸ್ 1799ರ ಅಕ್ಟೋಬರ್ 12ರಂದು ಸುಮಾರು 900 ಮೀಟರ್ ಎತ್ತರದಿಂದ ಇಳಿದಳು. ಪ್ಯಾರಾಚೂಟಿನಲ್ಲಿ ಇಳಿದ ಮೊದಲ ಮಹಿಳೆ ಆಕೆ.

ಮೂರನೇ ದಿನ: ಕೊಡೆಯ ಲೆಕ್ಕ

ಈಗ ಹುಡುಗನ ಮೂಲ ಪ್ರಶ್ನೆಗೆ ಬಂದೆವು. ಪ್ಯಾರಾಚೂಟ್ ಉಂಡೆಯನ್ನು ಮೆಲ್ಲನೆ ಇಳಿಸಿದೆ. ಹಾಗಾದರೆ ಕೊಡೆ ಅವನನ್ನು ಏಕೆ ಇಳಿಸದು? ಲೆಕ್ಕವನ್ನು ಅವನಿಂದಲೇ ಮಾಡಿಸಿದೆ.

ಉಂಡೆ 20 ಗ್ರಾಂ. ಅವನು 26 ಕಿಲೋ, ಅಂದರೆ 26,000 ಗ್ರಾಂ. ಭಾಗಿಸಿದರೆ 1,300. ಅವನು 1,300 ಉಂಡೆಗಳಷ್ಟು ಭಾರ. ಉಂಡೆಯಷ್ಟೇ ನಿಧಾನವಾಗಿ ಅವನು ಇಳಿಯಬೇಕಾದರೆ ಪ್ಯಾರಾಚೂಟಿನ ಹರವೂ 1,300 ಪಟ್ಟು ಆಗಬೇಕು. ನಮ್ಮ ಚೌಕ 36ರಿಂದ 36, ಅಂದರೆ 1,296 ಚದರ ಸೆಂಟಿಮೀಟರ್. ಅದನ್ನು 1,300ರಿಂದ ಗುಣಿಸಿದರೆ 16,84,800 ಚದರ ಸೆಂಟಿಮೀಟರ್. ಮೀಟರ್ ಲೆಕ್ಕದಲ್ಲಿ 168 ಚದರ ಮೀಟರ್‌ಗಿಂತ ಸ್ವಲ್ಪ ಹೆಚ್ಚು. ಹೆಚ್ಚುಕಡಿಮೆ 13 ಮೀಟರ್ ಉದ್ದ, 13 ಮೀಟರ್ ಅಗಲದ ಬಟ್ಟೆ.

"ಅಷ್ಟು ಅಂದರೆ ಎಷ್ಟು ದೊಡ್ಡದು?" ಎಂದು ಕೇಳಿದ. 30/40 ಸೈಟಿನ ತುಂಬ ಹಾಸಿದರೂ ಇನ್ನೂ ಅರ್ಧ ಸೈಟಿನಷ್ಟು ಉಳಿಯುತ್ತದೆ ಎಂದೆ. ಆಮೇಲೆ ಕೊಡೆ ಅಳೆದೆವು. ಬಿಚ್ಚಿದಾಗ ಅಡ್ಡಗಲ ಒಂದು ಮೀಟರ್. ಹರವು 0.8 ಚದರ ಮೀಟರ್‌ಗಿಂತಲೂ ಕಡಿಮೆ. ಅಷ್ಟು ಹರವಾಗಲು ಇಂಥ ಎಷ್ಟು ಕೊಡೆ ಬೇಕು? ಹುಡುಗ ಬಹಳ ಹೊತ್ತು ಭಾಗಾಕಾರ ಮಾಡಿ ತಲೆಯೆತ್ತಿದ. "ಖಾಲಾ, ಇನ್ನೂರಕ್ಕಿಂತ ಜಾಸ್ತಿ!"

ಆ ಮುಖವನ್ನು ನಾನು ಮರೆಯಲಾರೆ. ಅಲ್ಲಿ ಹೆದರಿಕೆ ಇರಲಿಲ್ಲ. ತಾನು ಏನು ಮಾಡಹೊರಟಿದ್ದೆ ಎಂಬುದು ಅವನಿಗೆ ಆಗ ತಿಳಿದಿತ್ತು.

ನಿಜವಾದ ಪ್ಯಾರಾಚೂಟುಗಳು ಅಷ್ಟು ದೊಡ್ಡವಿರುವುದಿಲ್ಲ ಎಂದೂ ಹೇಳಬೇಕು. ಸೈನಿಕರ ದುಂಡನೆಯ ಪ್ಯಾರಾಚೂಟಿನ ಅಡ್ಡಗಲ ಸುಮಾರು 10 ಮೀಟರ್. ಅವರು ನಮ್ಮ ಉಂಡೆಯಂತೆ ಮೆಲ್ಲನೆ ಇಳಿಯುವುದೂ ಇಲ್ಲ. ಬಹಳ ಜೋರಾಗಿಯೇ ನೆಲ ಮುಟ್ಟುತ್ತಾರೆ. ಮೊಣಕಾಲು ಮಡಚಿ ಪಕ್ಕಕ್ಕೆ ಉರುಳಲು ಅವರಿಗೆ ತಿಂಗಳುಗಟ್ಟಲೆ ಅಲ್ಲದಿದ್ದರೂ ವಾರಗಟ್ಟಲೆ ತರಬೇತಿ ಇರುತ್ತದೆ. ಬಟ್ಟೆ ಬಿಚ್ಚಿಕೊಳ್ಳಲು ಬೇಕಾದ ಎತ್ತರವೂ ಅವರಿಗಿರುತ್ತದೆ.

ತಾರಸಿಯಿಂದ ಬೀಳುವವರಿಗೆ ಇದಾವುದೂ ಇಲ್ಲ. ಮೂರೂವರೆ ಮೀಟರ್ ಎತ್ತರದಿಂದ ಬಿದ್ದವರು ನೆಲ ಮುಟ್ಟುವಾಗ ವೇಗ ಗಂಟೆಗೆ ಸುಮಾರು 30 ಕಿಲೋಮೀಟರ್. ಓಡುವ ಬೈಕಿನಿಂದ ಗೋಡೆಗೆ ಬಡಿದಂತೆ. ಕೈಯಲ್ಲಿ ಕೊಡೆ ಇದ್ದು, ಅದು ಮಗುಚಿಕೊಳ್ಳದೆ ನಿಂತರೂ ಈ ವೇಗ 28ಕ್ಕೆ ಇಳಿದೀತು, ಅಷ್ಟೇ. ಕಾಲು, ಬೆನ್ನುಮೂಳೆ ಮುರಿಯಲು ಅದು ಧಾರಾಳ ಸಾಕು. ನಿಮ್ಮ ಮಕ್ಕಳಿಗೆ ಈ ಎರಡು ಅಂಕಿಗಳನ್ನು ತಪ್ಪದೆ ಹೇಳಿ: ಕೊಡೆ ಇಲ್ಲದೆ 30, ಕೊಡೆ ಹಿಡಿದರೆ 28.

ಮೊದಲು ಗೊಂಬೆ, ಆಮೇಲೆ ಮನುಷ್ಯ

ದೊಡ್ಡವರೂ ಈ ವಿಷಯದಲ್ಲಿ ಎಡವಿದ್ದಾರೆ. ಫ್ರಾನ್ಸಿನಲ್ಲಿ ಫ್ರಾಂಜ್ ರೈಷೆಲ್ಟ್ ಎಂಬ ದರ್ಜಿ ಇದ್ದ. ಮೈಮೇಲೆ ತೊಟ್ಟುಕೊಳ್ಳಬಹುದಾದ ಪ್ಯಾರಾಚೂಟ್ ಉಡುಪನ್ನು ತಾನೇ ಹೊಲಿದಿದ್ದ. ಐಫೆಲ್ ಗೋಪುರದಿಂದ ಗೊಂಬೆಯೊಂದನ್ನು ಬೀಳಿಸಿ ಪರೀಕ್ಷಿಸುತ್ತೇನೆಂದು ಅನುಮತಿ ಪಡೆದ. 1912ರ ಫೆಬ್ರವರಿ 4ರಂದು ಅಲ್ಲಿಗೆ ಬಂದವನು ಗೊಂಬೆಯ ಬದಲು ತಾನೇ ಹಾರಿದ. ಸುಮಾರು 57 ಮೀಟರ್ ಎತ್ತರದ ಮೊದಲ ಅಂತಸ್ತು ಅದು. ಉಡುಪು ಬಿಚ್ಚಿಕೊಳ್ಳಲಿಲ್ಲ. ಅವನು ಅಲ್ಲೇ ಸತ್ತ. ಅವನ ಹೊಲಿಗೆಯ ಕೈಚಳಕದಲ್ಲಿ ಕೊರತೆ ಇದ್ದಿರಲಾರದು. ಗೊಂಬೆ ಹೇಳಬೇಕಾಗಿದ್ದ ಉತ್ತರವನ್ನು ಕೇಳಲು ಅವನಿಗೆ ತಾಳ್ಮೆ ಇರಲಿಲ್ಲ.

ಅದಕ್ಕಿಂತ ಸಾವಿರ ವರ್ಷ ಹಿಂದೆ, 9ನೇ ಶತಮಾನದ ಕುರ್ತುಬಾ ನಗರದಲ್ಲಿ ಅಬ್ಬಾಸ್ ಇಬ್ನ್ ಫಿರ್ನಾಸ್ ಎಂಬ ವಿದ್ವಾಂಸರಿದ್ದರು. ಅವರು ಮೈಗೆ ಪುಕ್ಕಗಳನ್ನು ಹೊದ್ದು, ರೆಕ್ಕೆ ಕಟ್ಟಿಕೊಂಡು ಸ್ವಲ್ಪ ದೂರ ಹಾರಿದರೆಂದು 17ನೇ ಶತಮಾನದ ಇತಿಹಾಸಕಾರ ಅಲ್ ಮಕ್ಕರಿ ಬರೆದಿದ್ದಾರೆ. ಇಳಿಯುವಾಗ ಬೆನ್ನಿಗೆ ಪೆಟ್ಟಾಯಿತಂತೆ. ಹಕ್ಕಿ ಕೆಳಗಿಳಿಯುವಾಗ ಬಾಲವನ್ನು ಬಳಸುತ್ತದೆ ಎಂಬುದು ಅವರ ಗಮನಕ್ಕೆ ಬಂದಿರಲಿಲ್ಲ ಎಂದು ಆ ಬರಹ ಹೇಳುತ್ತದೆ. ಹಾರುವುದಕ್ಕಿಂತ ಇಳಿಯುವುದು ಕಷ್ಟ ಎನ್ನುವುದು ಅಷ್ಟು ಹಳೆಯ ಪಾಠ.

ಇಂದಿನ ವಿಜ್ಞಾನಿಗಳು ಆ ಪಾಠವನ್ನು ಪಾಲಿಸುತ್ತಾರೆ. ಭಾರತೀಯರನ್ನು ಬಾಹ್ಯಾಕಾಶಕ್ಕೆ ಕಳುಹಿಸುವ ಗಗನಯಾನ ಯೋಜನೆಗಾಗಿ ಇಸ್ರೋ 2023ರ ಅಕ್ಟೋಬರ್ 21ರಂದು ಶ್ರೀಹರಿಕೋಟಾದಿಂದ ಒಂದು ಪರೀಕ್ಷೆ ನಡೆಸಿತು. ಮೇಲೇರಿದ ಕೋಶದೊಳಗೆ ಮನುಷ್ಯರು ಯಾರೂ ಇರಲಿಲ್ಲ. ಅದು ಪ್ಯಾರಾಚೂಟುಗಳ ನೆರವಿನಿಂದ ಬಂಗಾಳಕೊಲ್ಲಿಯಲ್ಲಿ ಇಳಿಯಿತು. "ಅವರೂ ಮೊದಲು ಉಂಡೆ ಬಿಟ್ಟು ನೋಡ್ತಾರೆ ಅಂತಾಯ್ತು," ಎಂದ ನಮ್ಮ ಹುಡುಗ.

ಅದೇ ವರ್ಷ ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿದ ಚಂದ್ರಯಾನ-3ಕ್ಕೆ ಪ್ಯಾರಾಚೂಟ್ ಏಕೆ ಇರಲಿಲ್ಲ ಎಂದು ನಿಮ್ಮ ಮಗುವನ್ನು ಕೇಳಿ ನೋಡಿ. ಕಾಗದದ ಆಟ ಆಡಿದ ಮಗುವಿಗೆ ಉತ್ತರ ಹೊಳೆಯುತ್ತದೆ. ಚಂದ್ರನಲ್ಲಿ ತಡೆಯಲು ಗಾಳಿಯೇ ಇಲ್ಲ. ಹಾಗಾಗಿ ಎಂಜಿನ್ ಉರಿಸಿಯೇ ವೇಗ ತಗ್ಗಿಸಬೇಕಾಯಿತು. 1971ರಲ್ಲಿ ಅಪೋಲೋ-15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಒಂದು ಸುತ್ತಿಗೆಯನ್ನೂ ಒಂದು ಗಿಡುಗದ ಗರಿಯನ್ನೂ ಒಟ್ಟಿಗೆ ಕೈಬಿಟ್ಟಾಗ ಎರಡೂ ಒಟ್ಟಿಗೇ ನೆಲ ಮುಟ್ಟಿದವು. ನಮ್ಮ ಪುಸ್ತಕ ಮತ್ತು ಕಾಗದದಂತೆ.

ಸಹೋದರಿಯರೇ, ನಾವು ಹೆಚ್ಚು ಓದಿದವರಲ್ಲ, ಮಕ್ಕಳ ವಿಜ್ಞಾನ ನಮಗೆ ತಿಳಿಯದು ಎಂದು ಎಷ್ಟೋ ತಾಯಂದಿರು ಹಿಂದೆ ಸರಿಯುತ್ತಾರೆ. ಆ ಮೂರು ದಿನ ಬಟ್ಟೆಯ ಹರವಿನ ಲೆಕ್ಕವನ್ನು ಎಲ್ಲರಿಗಿಂತ ಬೇಗ ಹೇಳಿದ್ದು ಏಳನೇ ತರಗತಿ ಓದಿದ ನನ್ನ ತಂಗಿ. ಮಗುವಿನ ಜೊತೆ ಕುಳಿತು, "ನೋಡೋಣ" ಎನ್ನಲು ದೊಡ್ಡ ಓದು ಬೇಕಾಗಿಲ್ಲ. ಹಾಗೆಂದು ಪಾಠವನ್ನಷ್ಟೇ ನಂಬಿ ಕೂರಬೇಡಿ. ತಾರಸಿಯ ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಮಕ್ಕಳ ಕೈಗೆಟುಕದಂತೆ ಇಡಿ. ನಾವೂ ಅಂದಿನಿಂದ ಹಾಗೇ ಮಾಡುತ್ತಿದ್ದೇವೆ. ನೆರೆಮನೆಯ ಆ ಇಬ್ಬರು ಮಕ್ಕಳಿಗೆ ಕೊಡೆಯ ಲೆಕ್ಕವನ್ನು ಹುಡುಗನೇ ಹೋಗಿ ಹೇಳಿ ಬಂದ.

ಊರಿಗೆ ಹೊರಡುವ ದಿನ ಅವನು ಬಸ್‌ಸ್ಟ್ಯಾಂಡಿನ ಬೇಲಿಯಲ್ಲಿ ಒಡೆದ ಎಕ್ಕದ ಕಾಯಿಯೊಂದನ್ನು ಕಂಡ. ರೇಷ್ಮೆಯಂಥ ಬಿಳಿ ಕೂದಲು ಹೊತ್ತ ಬೀಜವೊಂದು ಗಾಳಿಯಲ್ಲಿ ತೇಲುತ್ತ ಹೊರಟಿತ್ತು. ಅದನ್ನು ಹಿಡಿದು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದ.

"ಖಾಲಾ, ಇದರ ತೂಕ ಎಷ್ಟಿರಬಹುದು? ಕಿರಾಣಿ ಅಂಗಡಿ ತಕ್ಕಡಿಯಲ್ಲಿ ಒಂದನ್ನೇ ಇಟ್ಟರೆ ತೋರಿಸಲ್ಲ."

"ನೂರು ಬೀಜ ಕೂಡಿಸಿ ತೂಗು, ಆಮೇಲೆ ನೂರರಿಂದ ಭಾಗಿಸು," ಎಂದೆ. ಬಸ್ಸು ಬರುವವರೆಗೂ ತಾಯಿ ಮಗ ಇಬ್ಬರೂ ಬೀಜ ಆರಿಸುತ್ತಿದ್ದರು.